ಸೊಸೈಟಿಗೆ ಸ್ಮಾರ್ಟ್ ಮೀಟರ್ ನೋಟಿಸ್ ಬಂದಿದೆ. "ಅಮೆರಿಕದಲ್ಲೇ ಫೇಲ್ ಆಗಿದೆ" ಅನ್ನೋದು ನಿಜವಾ?

ಗೋರೆಗಾಂವ್ ಸೆಕ್ರೆಟರಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಗೋರೆಗಾಂವ್ ಪೂರ್ವದಲ್ಲಿ ನಮ್ಮದು ಎರಡು ವಿಂಗಿನ ಹಳೇ ಸೊಸೈಟಿ, 56 ಮನೆ. ಯಾರೂ ಮುಂದೆ ಬರಲಿಲ್ಲ ಅಂತ ಹೋದ ವರ್ಷ ಸೆಕ್ರೆಟರಿ ಕೆಲಸ ನನ್ನ ಕೊರಳಿಗೆ ಕಟ್ಟಿದರು. ಲೀಕೇಜು, ಪಾರ್ಕಿಂಗು, ಪಾರಿವಾಳ, ಇಷ್ಟರಲ್ಲೇ ದಿನ ಹೋಗ್ತಿತ್ತು. ಈಗ ಕರೆಂಟ್ ಕಂಪನಿಯಿಂದ ಎಲ್ಲ ಮನೆಗೂ ಸ್ಮಾರ್ಟ್ ಮೀಟರ್, ಅಂದರೆ ರೀಡಿಂಗನ್ನು ತಾನೇ ಕಂಪನಿಗೆ ಕಳಿಸೋ ಮೀಟರ್, ಹಾಕ್ತೀವಿ ಅಂತ ನೋಟಿಸ್ ಬಂದಿದೆ.

ಭಾನುವಾರ ಮೀಟಿಂಗ್ ಕರೆದೆ. ಬಿ ವಿಂಗಿನ ಒಬ್ಬರು ಮೊಬೈಲ್ ಎತ್ತಿ ಹಿಡಿದು, "ಅಮೆರಿಕದ ಬೋಲ್ಡರ್ ಅನ್ನೋ ಊರಲ್ಲಿ ಇಡೀ ಪಟ್ಟಣಕ್ಕೆ ಇದನ್ನೇ ಮಾಡಿ ಕೈ ಸುಟ್ಟುಕೊಂಡಿದ್ದಾರೆ, ಅವರಿಗೇ ಆಗದ್ದು ಇವರಿಂದ ಆಗುತ್ತಾ?" ಅಂದರು. ಇನ್ನೊಬ್ಬರು ಬಿಲ್ ಡಬಲ್ ಆಗುತ್ತೆ ಅಂದರು. ಮೂರನೆಯವರು, ರೀಚಾರ್ಜ್ ಮುಗಿದರೆ ಅರ್ಧರಾತ್ರಿ ಫ್ಯಾನ್ ನಿಲ್ಲುತ್ತೆ ಅಂದರು. ಚಹಾ ಆರಿತು, ಮೀಟಿಂಗ್ ಮುಗಿಯಿತು, ತೀರ್ಮಾನ ಮಾತ್ರ ಆಗಲಿಲ್ಲ.

ನಾನು ಬ್ಯಾಂಕಿನಲ್ಲಿದ್ದವನು, ಕರೆಂಟಿನ ವಿಷಯದಲ್ಲಿ ಫ್ಯೂಸ್ ಹಾಕೋಕೂ ಎಲೆಕ್ಟ್ರಿಷಿಯನ್ ಕರೀತೀನಿ. ಆ ಬೋಲ್ಡರ್ ಕಥೆ ನಿಜವಾ? ನಿಜವಾದರೆ ಅಲ್ಲಿ ಎಡವಿದ್ದು ಯಾವುದರಲ್ಲಿ? ಕಂಪನಿಯವರು ಗುರುವಾರ ಬರ್ತಾರೆ. ಅವರ ಹತ್ತಿರ ನಾನು ಏನು ಕೇಳಬೇಕು? ತಿಳಿದವರು ದಯವಿಟ್ಟು ಹೇಳಿ.

ಠಾಣೆ ಹೋಟ್ಲು

ಮನೆ ಮೀಟರಿನ ವಿಷಯ ನನಗೆ ಗೊತ್ತಿಲ್ಲ ಸ್ವಾಮಿ. ನಮ್ಮ ಹೋಟ್ಲಿಗೆ ಮಾತ್ರ ಈ ಹೊತ್ತಿಗೊಂದು ದರ ಬಂದು ಸಾಕಾಗಿದೆ. ಹಗಲು ಕರೆಂಟ್ ಅಗ್ಗ, ಸಂಜೆ ದುಬಾರಿ ಅಂತ ಗ್ರೈಂಡರ್‌ ಕೆಲಸವನ್ನು ಸಂಜೆ ಆರರಿಂದ ಮಧ್ಯಾಹ್ನ ಒಂದಕ್ಕೆ ತಂದೆ. ಏಪ್ರಿಲ್ ಸೆಖೆಗೆ ಹಿಟ್ಟು ರಾತ್ರಿ ಹತ್ತಕ್ಕೇ ಉಕ್ಕಿ ಬಂತು. ಬೆಳಿಗ್ಗೆ ಇಡ್ಲಿ ಹುಳಿ, ಗಿರಾಕಿ ಮುಖ ಅದಕ್ಕಿಂತ ಹುಳಿ. ಈಗ ಹಿಟ್ಟನ್ನು ಫ್ರೀಜರಿನಲ್ಲಿ ಇಡ್ತೇನೆ, ಆ ಫ್ರೀಜರಿಗೆ ಸಂಜೆಯ ದುಬಾರಿ ಕರೆಂಟು. ಲಾಭ ಎಷ್ಟಾಯ್ತು ಅಂತ ಮಾತ್ರ ಕೇಳಬೇಡಿ.

ಹಳೇ ಫ್ಯೂಸ್

ಸೆಕ್ರೆಟರಿಗಳೇ, ನಿಮ್ಮ ಬಿ ವಿಂಗಿನವರು ಹೇಳಿದ್ದು ಅರ್ಧ ನಿಜ. ಅವರು ಬಿಟ್ಟ ಅರ್ಧವೇ ನಿಮಗೆ ಬೇಕಾದದ್ದು. ಸ್ವಲ್ಪ ಉದ್ದ ಬರೆಯುತ್ತೇನೆ, ರಿಟೈರ್ ಆದವನಿಗೆ ಸಮಯ ಉಂಟು.

ನಾನು ಮುಂಬೈಯಲ್ಲಿ ಮೂವತ್ತೊಂದು ವರ್ಷ ವಿತರಣೆಯ ಕೆಲಸ ಮಾಡಿದವ. ಮೊದಲು ಕೇಬಲ್, ನಂತರ ಸಬ್‌ಸ್ಟೇಷನ್, ಕೊನೆಗೆ ಮೀಟರಿಂಗ್. 2012ರಲ್ಲಿ ಮಗಳ ಬಾಣಂತನಕ್ಕೆ ಅಂತ ಹೆಂಡತಿಯ ಜೊತೆ ಬೋಲ್ಡರ್ ಇರುವ ಕೊಲರಾಡೋ ರಾಜ್ಯಕ್ಕೆ ಹೋಗಿ ಐದು ತಿಂಗಳು ಇದ್ದೆ. ಬಾಣಂತನದ ಮನೆಯಲ್ಲಿ ಗಂಡಸಿಗೆ ಎಂತ ಕೆಲಸ? ತರಕಾರಿ ತಂದು ಕೊಟ್ಟರೆ ಆಯಿತು, ಆಮೇಲೆ ಬೀದಿ ಸುತ್ತುವುದು. ಬೋಲ್ಡರಿಗೆ ಬಂದವರೆಲ್ಲ ಗುಡ್ಡ ನೋಡುತ್ತಾರೆ, ನಾನು ಫುಟ್‌ಪಾತಿನ ಪಕ್ಕದ ಹಸಿರು ಟ್ರಾನ್ಸ್‌ಫಾರ್ಮರ್ ಪೆಟ್ಟಿಗೆ ನೋಡುತ್ತಿದ್ದೆ. "ಅಪ್ಪ, ಜನರ ಮನೆ ಮುಂದೆ ನಿಂತು ಪೆಟ್ಟಿಗೆಗೆ ಕಿವಿ ಕೊಡಬೇಡಿ, ಯಾರಾದರೂ ಪೊಲೀಸರಿಗೆ ಫೋನ್ ಮಾಡಿಯಾರು" ಅಂತ ಮಗಳು ಬೈದದ್ದೂ ಉಂಟು. ಆಗ ಆ ಊರಲ್ಲಿ ಇದೇ ಮಾತು, ಪೇಪರಿನಲ್ಲೂ ಇದೇ.

ಆದದ್ದು ಹೀಗೆ. ಅಲ್ಲಿನ ವಿದ್ಯುತ್ ಕಂಪನಿ ಎಕ್ಸೆಲ್ ಎನರ್ಜಿ. 2008ರ ಮಾರ್ಚ್‌ನಲ್ಲಿ ಬೋಲ್ಡರನ್ನು ದೇಶದ ಮೊದಲ ಸ್ಮಾರ್ಟ್ ಗ್ರಿಡ್ ಪಟ್ಟಣ ಮಾಡುತ್ತೇವೆ ಅಂತ ಸಾರಿತು. ಗ್ರಿಡ್ ಅಂದರೆ ಕರೆಂಟ್ ಹಂಚುವ ಜಾಲ, ಅದು ತನ್ನ ಸ್ಥಿತಿಯನ್ನು ತಾನೇ ಕಂಪನಿಗೆ ಹೇಳಿದರೆ ಸ್ಮಾರ್ಟ್. ಸುಮಾರು ಒಂದು ಲಕ್ಷ ಜನರ ಊರು, ಯೂನಿವರ್ಸಿಟಿ ಇರುವ ಜಾಗ, ವಿಜ್ಞಾನಿಗಳು ತರಕಾರಿ ಸಾಲಿನಲ್ಲೂ ಸಿಗುತ್ತಾರೆ. ಪ್ರಯೋಗಕ್ಕೆ ಇದಕ್ಕಿಂತ ಒಳ್ಳೆಯ ಊರು ಬೇಕಾ? ಪಾಲುದಾರ ಕಂಪನಿಗಳದ್ದೂ ಸೇರಿ ಒಟ್ಟು 10 ಕೋಟಿ ಡಾಲರಿನ ಯೋಜನೆ ಅಂದರು. ಅದರಲ್ಲಿ ಎಕ್ಸೆಲ್‌ನ ಸ್ವಂತ ಪಾಲು ಮೊದಲ ಅಂದಾಜಿನಲ್ಲಿ ಸುಮಾರು 1.5 ಕೋಟಿ ಡಾಲರ್. ಮುಗಿಯುವ ಹೊತ್ತಿಗೆ ಅದು ಸುಮಾರು 4.5 ಕೋಟಿ ಆಗಿತ್ತು. ಮೀಟರ್ ಬಿದ್ದದ್ದು ಸುಮಾರು 23 ಸಾವಿರ.

ಮೂರು ಪಟ್ಟು ಹೇಗಾಯಿತು? ಮೀಟರಿನಿಂದ ಅಲ್ಲ ಮಾರಾಯ್ರೆ, ನೆಲದಿಂದ. ಮೀಟರು ಹೇಳಿದ್ದನ್ನು ಕಂಪನಿಗೆ ತಲುಪಿಸಲು ಅವರು ಊರಿಗೆಲ್ಲ ಫೈಬರ್ ಎಳೆಯುವ ದಾರಿ ಹಿಡಿದರು, ಸುಮಾರು 200 ಮೈಲಿ. ಟ್ರಾನ್ಸ್‌ಫಾರ್ಮರಿನಿಂದ ಮನೆವರೆಗೆ ಕರೆಂಟ್ ತಂತಿಯ ಮೇಲೆಯೇ ಸಂದೇಶ, ಅಲ್ಲಿಂದ ಮುಂದೆ ಫೈಬರ್. ನೆಲದಡಿ ಕೊಳವೆ ಹಾಕಬೇಕಾದ ಜಾಗ ಎಣಿಸಿದ್ದಕ್ಕಿಂತ ಹೆಚ್ಚು ಬಂತು, ಅಗೆದಲ್ಲಿ ಬಂಡೆ ಬಂತು, ವಜ್ರದ ಮೊನೆಯ ಡ್ರಿಲ್ ತರಿಸಬೇಕಾಯಿತು. ಬೋಲ್ಡರ್ ಅಂದರೇ ಬಂಡೆ, ಊರಿನ ಹೆಸರಲ್ಲೇ ಉಂಟು, ಎಸ್ಟಿಮೇಟಿನಲ್ಲಿ ಮಾತ್ರ ಇರಲಿಲ್ಲ!

ನಗಬೇಡಿ, ನಾನೂ ಇದೇ ತಪ್ಪು ಮಾಡಿದವ. ಕೆಲಸಕ್ಕೆ ಸೇರಿ ನಾಲ್ಕನೆಯ ವರ್ಷ, ಅಂಧೇರಿ ಕಡೆ 600 ಮೀಟರ್ ಕೇಬಲ್ ಹಾಕುವ ಎಸ್ಟಿಮೇಟ್ ನನ್ನದು. ಟೇಪ್ ಹಿಡಿದು ರಸ್ತೆ ಅಳೆದೆ, ಮೀಟರಿಗೆ ಇಷ್ಟು ಅಂತ ಗುಣಿಸಿದೆ, ಸಹಿ ಹಾಕಿದೆ. ಅಗೆತ ಶುರುವಾಗಿ ನಲವತ್ತು ಮೀಟರಿಗೆ ಗುದ್ದಲಿ ಠಣ್ ಅಂತು. ಕಪ್ಪು ಕಲ್ಲು. ಬದಿಗೆ ಸರಿಯೋಣ ಅಂದರೆ ಒಂದು ಪಕ್ಕ ನೀರಿನ ಪೈಪು, ಇನ್ನೊಂದು ಪಕ್ಕ ಟೆಲಿಫೋನ್ ಕೇಬಲಿನ ಕಟ್ಟು, ತೊಡೆಯಷ್ಟು ದಪ್ಪ. ಕಲ್ಲು ಒಡೆಯುವಷ್ಟರಲ್ಲಿ ಮೇ ಮುಗಿಯಿತು, ಮಳೆಗಾಲಕ್ಕೆ ರಸ್ತೆ ಅಗೆಯುವ ಪರ್ಮಿಷನ್ ನಿಂತಿತು, ಅರ್ಧ ಕೇಬಲ್ ಡ್ರಮ್ಮಿನಲ್ಲೇ ಉಳಿದು ಅಕ್ಟೋಬರ್ ತನಕ ವಾಚ್‌ಮನ್ ಇಟ್ಟು ಕಾದದ್ದಾಯಿತು. ನಮ್ಮ ಸಾಹೇಬರು ಫೈಲ್ ನೋಡಿ ಒಂದೇ ಮಾತು ಕೇಳಿದರು: "ಟ್ರಯಲ್ ಪಿಟ್ ತೆಗೆದಿದ್ರಾ?" ಇಡೀ ದಾರಿ ಅಗೆಯುವ ಮೊದಲು ಅಲ್ಲಲ್ಲಿ ಒಂದೊಂದು ಗುಂಡಿ ತೋಡಿ ಒಳಗೆ ಎಂತ ಉಂಟು ಅಂತ ನೋಡುವುದು. ನಾನು ತೆಗೆದಿರಲಿಲ್ಲ. ಬೋಲ್ಡರಿನ ಲೆಕ್ಕ ಓದಿದಾಗ ಮೊದಲು ನೆನಪಾದದ್ದು ಆ ಸಾಹೇಬರ ಮುಖ.

ಇನ್ನೊಂದು ಎಡವಟ್ಟು ಅಂದರೆ, ಕೆಲಸ ಶುರು ಮಾಡುವ ಮೊದಲು ಅವರು ಕರೆಂಟ್ ದರಕ್ಕೆ ಒಪ್ಪಿಗೆ ಕೊಡುವ ಆ ರಾಜ್ಯದ ನಿಯಂತ್ರಣ ಆಯೋಗದ ಹತ್ತಿರ ಹೋಗಲಿಲ್ಲ. ಖರ್ಚು ಮಾಡಿ, ಆಮೇಲೆ ಬಿಲ್ಲು ಹಿಡಿದು ಹೋದರು, ಗ್ರಾಹಕರಿಂದ ವಸೂಲಿಗೆ. ಖರ್ಚೆಷ್ಟು, ಅದರಿಂದ ಬರುವ ಉಪಯೋಗ ಎಷ್ಟು ಅಂತ ಮೊದಲೇ ಕೂತು ತೂಗಿದ ಕಾಗದ ಎಲ್ಲಿ ಅಂದರೆ ತೋರಿಸಲು ಇರಲಿಲ್ಲ. ಆಯೋಗ ಕೊನೆಗೆ ಸುಮಾರು 2.8 ಕೋಟಿ ಡಾಲರಿಗೆ ಒಪ್ಪಿ, ಮಿಕ್ಕ 1.66 ಕೋಟಿಯನ್ನು ಜನರ ಬಿಲ್ಲಿಗೆ ಸೇರಿಸಬೇಡಿ ಅಂತ ವಾಪಸ್ ಕಳಿಸಿತು.

ಹಾಗಾದರೆ ಫೇಲಾ? ನನ್ನನ್ನು ಕೇಳಿದರೆ ಗ್ರಿಡ್ ಪಾಸು, ಮನೆ ಫೇಲು.

ಗ್ರಿಡ್ ಯಾಕೆ ಪಾಸು ಅಂದರೆ, ಮೊದಲು ಕಂಪನಿಗೆ ಸಬ್‌ಸ್ಟೇಷನ್‌ನಿಂದ ಹೊರಟ ವೋಲ್ಟೇಜ್ ಗೊತ್ತಿತ್ತು, ಸಾಲಿನ ಕೊನೆಯ ಮನೆಗೆ ಎಷ್ಟು ಮುಟ್ಟಿತು ಅಂತ ಗೊತ್ತಿರಲಿಲ್ಲ. ಕೊನೆಯ ಮನೆಯ ದೀಪ ಮಂಕಾದೀತು ಅಂತ ಹೆದರಿ ಮೊದಲಲ್ಲೇ ಸ್ವಲ್ಪ ಹೆಚ್ಚು ಬಿಡುವುದು ಎಲ್ಲ ಕಡೆಯ ರೂಢಿ, ನಾವೂ ಮಾಡಿದ್ದೇವೆ. ಕೊನೆಯ ಮೀಟರೇ ಬಾಯಿಬಿಟ್ಟು ಹೇಳಿದರೆ ಆ ಹೆಚ್ಚುವರಿ ಬೇಡ, ಅಷ್ಟು ಕರೆಂಟ್ ಉಳಿಯಿತು. ಟ್ರಾನ್ಸ್‌ಫಾರ್ಮರ್ ಸುಡುವ ಮೊದಲೇ ಅದರ ಲಕ್ಷಣ ಕಂಡು ಬದಲಿಸಿದರು. ವೋಲ್ಟೇಜ್ ದೂರು ಹೆಚ್ಚುಕಡಿಮೆ ನಿಂತೇ ಹೋಯಿತು. ಇಷ್ಟಕ್ಕೆ ಮನೆಯವರು ಒಂದು ಸ್ವಿಚ್ಚೂ ಮುಟ್ಟಬೇಕಾಗಲಿಲ್ಲ ನೋಡಿ.

ಮನೆಯೊಳಗಿನ ಕಥೆ ಬೇರೆ. ಯೂನಿವರ್ಸಿಟಿಯ ಮುಖ್ಯಸ್ಥರ ಮನೆಯನ್ನು ಮಾದರಿ ಮನೆ ಅಂತ ಸಜ್ಜು ಮಾಡಿ ಪತ್ರಿಕೆಯವರಿಗೆ ತೋರಿಸಿದರು. ಉಳಿದವರಲ್ಲಿ ಕರೆಂಟ್ ಬಳಕೆಯನ್ನು ಹಿಡಿತದಲ್ಲಿಡುವ ಮನೆಯೊಳಗಿನ ಉಪಕರಣ ಸಿಕ್ಕಿದ್ದು ಯೋಜನೆಯಲ್ಲಿ ಹೇಳಿದ್ದಕ್ಕಿಂತ ಎಷ್ಟೋ ಕಡಿಮೆ ಮನೆಗೆ. ಮದುವೆ ಊಟದಲ್ಲಿ ಮದುಮಗನ ಎಲೆಗೆ ಹತ್ತು ಬಗೆ ಪಲ್ಯ, ಕೊನೆಯ ಪಂಕ್ತಿಗೆ ಸಾರು ಅನ್ನ ಅನ್ನುವ ಹಾಗೆ. ನನ್ನ ಮಗಳ ಪಕ್ಕದ ಮನೆಯ ಅಜ್ಜಿಯ ಗೋಡೆಯಲ್ಲೂ ಹೊಸ ಮೀಟರಿತ್ತು. ಇದರಿಂದ ನಿಮಗೆ ಎಂತ ಉಪಯೋಗ ಆಯಿತು ಅಂತ ಕೇಳಿದೆ. "ರೀಡಿಂಗಿಗೆ ಬರುತ್ತಿದ್ದ ಹುಡುಗ ಈಗ ಬರುವುದಿಲ್ಲ, ಒಳ್ಳೆಯ ಹುಡುಗ" ಅಂದರು. ಅಷ್ಟೇ.

2011ರಲ್ಲಿ ಆ ಊರಿನವರು ನಮ್ಮದೇ ವಿದ್ಯುತ್ ಸಂಸ್ಥೆ ಮಾಡಿಕೊಳ್ಳುತ್ತೇವೆ ಅಂತ ಮತ ಹಾಕಿದರು. ಅದರ ಮೂಲ ಕಾರಣ ಕಲ್ಲಿದ್ದಲಿನ ಕರೆಂಟ್ ಬೇಡ ಅನ್ನುವುದು, ಈ ಫೈಬರಿನ ಲೆಕ್ಕ ಅದಕ್ಕೆ ಒಗ್ಗರಣೆ ಬಿತ್ತು. 2020ರಲ್ಲಿ ಮತ್ತೆ ಮತ ಹಾಕಿ ಅದನ್ನು ಕೈಬಿಟ್ಟರು. ಅದು ಇಲ್ಲಿ ಬೇಡ.

ನಮ್ಮಲ್ಲೂ ಇಂತಹ ಪ್ರಯೋಗ ಆಗದೆ ಇಲ್ಲ. ಮೈಸೂರಿನಲ್ಲಿ ಅಲ್ಲಿನ ವಿದ್ಯುತ್ ಕಂಪನಿ ಸೆಸ್ಕ್ ಸುಮಾರು 22 ಸಾವಿರ ಗ್ರಾಹಕರಿರುವ ಒಂದು ಭಾಗದಲ್ಲಿ ಸ್ಮಾರ್ಟ್ ಗ್ರಿಡ್ ಪೈಲಟ್ ಮಾಡಿತು, ಕೇಂದ್ರ ಒಪ್ಪಿದ ಹದಿನಾಲ್ಕರಲ್ಲಿ ಅದೊಂದು. ಹೆಚ್ಚುಕಡಿಮೆ ಬೋಲ್ಡರಿನಷ್ಟೇ ಮೀಟರು. 2021ರ ಕೇಂದ್ರ ಯೋಜನೆಯ ಗುರಿ 25 ಕೋಟಿ ಪ್ರಿಪೇಯ್ಡ್ ಮೀಟರ್. 23 ಸಾವಿರಕ್ಕೆ ಅಲ್ಲಿ ಬೆವರು ಇಳಿಯಿತು, ಅದಕ್ಕೇ ನನಗೆ ಈ ದೊಡ್ಡ ಸಂಖ್ಯೆ ಕೇಳಿದಾಗೆಲ್ಲ ಟ್ರಯಲ್ ಪಿಟ್ ನೆನಪಾಗುವುದು. ಈಗ ಫೈಬರ್ ಅಗೆಯುವ ಅಗತ್ಯ ಇಲ್ಲ, ಮೊಬೈಲ್ ಸಿಗ್ನಲ್ ಅಥವಾ ಮೀಟರಿನಿಂದ ಮೀಟರಿಗೆ ರೇಡಿಯೋ. ಆದರೆ ಮುಂಬೈಯಲ್ಲಿ ಬಂಡೆ ನೆಲದಡಿ ಅಲ್ಲ, ಮೀಟರ್ ರೂಮಿನಲ್ಲಿ ಉಂಟು. ಕಬ್ಬಿಣದ ಬಾಗಿಲು, ಬೇಸ್‌ಮೆಂಟು, ಸುತ್ತ ಕಾಂಕ್ರೀಟು. ಸಿಗ್ನಲ್ ಸಿಗದಿದ್ದರೆ ಮೀಟರು ಸ್ಮಾರ್ಟ್ ಆಗಿ ಎಂತ ಪ್ರಯೋಜನ? ನನ್ನ ಕೊನೆಯ ವರ್ಷಗಳಲ್ಲಿ ಇಂತಹ ಒಂದು ಕಟ್ಟಡದ ಎಂಬತ್ತು ಮೀಟರ್ ಓದಲು ತಿಂಗಳಿಗೊಮ್ಮೆ ಹುಡುಗನನ್ನೇ ಕಳಿಸುತ್ತಿದ್ದೆವು.

ಆದ್ದರಿಂದ ಗುರುವಾರ ನೀವು ಮೊದಲು ಕೇಳಬೇಕಾದದ್ದು "ನಮ್ಮ ಮೀಟರ್ ರೂಮಿನಲ್ಲಿ ಸಿಗ್ನಲ್ ಪರೀಕ್ಷೆ ಮಾಡಿದ್ದೀರಾ?" ಅಂತ. 2023ರ ಗ್ರಾಹಕ ಹಕ್ಕುಗಳ ತಿದ್ದುಪಡಿ ನಿಯಮದಲ್ಲಿ ಸ್ಮಾರ್ಟ್ ಮೀಟರನ್ನು ದಿನಕ್ಕೆ ಒಮ್ಮೆಯಾದರೂ ದೂರದಿಂದ ಓದಬೇಕು ಅಂತಲೇ ಉಂಟು. ಪ್ರಿಪೇಯ್ಡೋ ಪೋಸ್ಟ್‌ಪೇಯ್ಡೋ ಅನ್ನುವುದನ್ನು ಬರಹದಲ್ಲಿ ತೆಗೆದುಕೊಳ್ಳಿ. ಸಾಮಾನ್ಯ ಮನೆ ಗ್ರಾಹಕರಿಗೆ ಪ್ರಿಪೇಯ್ಡ್ ಹಾಕುವುದಿಲ್ಲ ಅಂತ 2024ರ ಜೂನ್‌ನಲ್ಲಿ ರಾಜ್ಯ ಸರ್ಕಾರ ಹೇಳಿತ್ತು. ಹಾಗಾಗಿ ಅರ್ಧರಾತ್ರಿಯ ಫ್ಯಾನಿನ ಭಯ ಆ ಒಂದು ಕಾಗದದಲ್ಲಿ ತೀರುತ್ತದೆ.

ಬಿಲ್ ಡಬಲ್ ಆಗುವ ಮಾತಿನಲ್ಲಿ ಸಣ್ಣ ಸತ್ಯ ಉಂಟು. ಹಳೇ ಮೀಟರ್ ನಿಧಾನ ಆಗಿದ್ದರೆ ಹೊಸದು ಸರಿಯಾಗಿ ಓಡಿದಾಗ ಬಿಲ್ ಏರುತ್ತದೆ. ಜೊತೆಗೆ ಹೊಸ ಮೀಟರು ನಿಮ್ಮ ಅತಿ ಹೆಚ್ಚಿನ ಲೋಡನ್ನೂ, ಅಂದರೆ ಒಂದೇ ಹೊತ್ತಿಗೆ ನೀವು ಎಳೆದ ಕರೆಂಟನ್ನೂ, ಬರೆದಿಡುತ್ತದೆ. ಮಂಜೂರಾದದ್ದು 3 ಕಿಲೋವ್ಯಾಟ್, ಎರಡು ಎಸಿ, ಗೀಸರ್, ಇಸ್ತ್ರಿ ಒಟ್ಟಿಗೆ ಹಾಕಿದರೆ 5 ದಾಟುತ್ತದೆ. ಆ 2023ರ ನಿಯಮದ ಪ್ರಕಾರ ಮೀಟರ್ ಹಾಕುವ ಮೊದಲಿನ ದಿನಗಳಿಗೆ ದಂಡ ಹಾಕುವಂತಿಲ್ಲ, ಮಂಜೂರಾದ ಲೋಡ್ ಏರಿಸಬೇಕಾದರೆ ಒಂದು ಆರ್ಥಿಕ ವರ್ಷದಲ್ಲಿ ಕನಿಷ್ಠ ಮೂರು ಸಲ ಮೀರಿರಬೇಕು. ಅನುಮಾನ ಬಂದವರು ದೂರು ಕೊಟ್ಟರೆ ಐದು ದಿನದೊಳಗೆ ಪಕ್ಕದಲ್ಲಿ ಇನ್ನೊಂದು ಮೀಟರ್ ಹಾಕಿ ಕನಿಷ್ಠ ಮೂರು ತಿಂಗಳು ತಾಳೆ ನೋಡಬೇಕು ಅಂತ 2024ರ ತಿದ್ದುಪಡಿ ಹೇಳುತ್ತದೆ.

ಮನೆಯಲ್ಲೇ ಒಂದು ಪರೀಕ್ಷೆ ಮಾಡಬಹುದು. ಮೀಟರಿನ ಮೇಲೆ ಒಂದು ಯೂನಿಟ್‌ಗೆ ಕೆಂಪು ದೀಪ ಎಷ್ಟು ಸಲ ಮಿಟುಕುತ್ತದೆ ಅಂತ ಅಚ್ಚು ಹಾಕಿರುತ್ತಾರೆ, 3200 ಅಂತ ಇಟ್ಟುಕೊಳ್ಳಿ. ಮನೆಯಲ್ಲಿ ಎಲ್ಲ ಆಫ್ ಮಾಡಿ 1000 ವ್ಯಾಟಿನ ಇಸ್ತ್ರಿಪೆಟ್ಟಿಗೆ ಒಂದನ್ನೇ ಕಾಯಿಸಿ, ಅದು ತಾನೇ ಕಟ್ ಆಗುವ ಮೊದಲು ಒಂದು ನಿಮಿಷ ಎಣಿಸಿ. 53ರ ಆಚೀಚೆ ಬಂದರೆ ಮೀಟರು ಸರಿ. ವೋಲ್ಟೇಜ್ ಏರಿಳಿದರೆ ಎರಡು ಮೂರು ಹೆಚ್ಚುಕಡಿಮೆ ಆದೀತು, ಎಂಬತ್ತು ಬಂದರೆ ನನಗೆ ಫೋಟೋ ಹಾಕಿ.

ಕೊಥ್ರೂಡ್ ಧಾರವಾಡ

ಫ್ಯೂಸ್ ಕಾಕಾ, ಬಾಳ ಛಲೋ ಬರದೀರಿ. ಮನಿ ಫೇಲ್ ಅಂದ್ರಲ್ಲ, ಅದಕ್ಕ ನನ್ನದೊಂದು ಮಾತು. ಪುಣೇದಾಗ ನಮ್ಮ ಮನಿಗೆ ಈ ಮೀಟರ್ ಬಂದು ಏಳು ತಿಂಗಳಾತು. ಆ್ಯಪಿನಾಗ ತಾಸುತಾಸಿನ ಲೆಕ್ಕ ಕಾಣ್ತದ. ಮೊದಲ ಎರಡು ತಿಂಗಳು ನಾನೂ ತೆರೆದು ನೋಡ್ಲಿಲ್ಲ. ಒಂದಿನ ನಿದ್ದಿ ಬರಲಾರದ ನೋಡಿದ್ರ, ರಾತ್ರಿ ಒಂದರಿಂದ ಐದರ ತನಕ ಒಂದೊಂದು ತಾಸಿಗೂ 0.3 ಯೂನಿಟ್. ಎಲ್ಲಾರೂ ಮಲಗ್ಯಾರ, ಎಸಿ ಇಲ್ಲ, ಫ್ಯಾನ್ ಎರಡೇ. ಮುನ್ನೂರು ವ್ಯಾಟ್ ಎಲ್ಲಿಗೆ ಹೊಂಟದ?

ಮರುದಿನ ಒಂದೊಂದೇ ಪ್ಲಗ್ ಕಿತ್ತಿ. ಕಳ್ಳ ಸಿಕ್ಕಿದ್ದು ಅಡಗಿಮನ್ಯಾಗ. ನಮ್ಮ ಅತ್ತಿಯವರ ಕಾಲದ ಫ್ರಿಜ್, ಬಾಗಲಾ ರಬ್ಬರ್ ಒಂದು ಕಡೆ ಹರಿದು ಒಳಗಿನ ಥಂಡಿ ಎಲ್ಲಾ ಹೊರಗ. ಕಂಪ್ರೆಸರ್ ರಾತ್ರಿ ಪೂರಾ ನಿಲ್ಲಲಾರದ ಓಡ್ತಿತ್ತು. ರಬ್ಬರ್ ಹಾಕ್ಸಿದ ಮ್ಯಾಲೆ ಅರ್ಧಕ್ಕ ಇಳೀತು. ಆ ಅಜ್ಜಿಗೂ ಹಿಂಗ ಯಾರರ ತೋರಿಸಿಕೊಟ್ಟಿದ್ರ ಆ ರೀಡಿಂಗ್ ಹುಡುಗನ್ನ ಇಷ್ಟು ನೆನಸ್ತಿರಲಿಲ್ಲೇನೋ.

ಆದ್ರ ಇನ್ನೊಂದು ಬದಿ ಅದ. ಆ ಗ್ರಾಫ್ ನೋಡಿ ನಾವು ಊರಿಗೆ ಹೋದ ದಿನ ಯಾವುವು ಅಂತ ನನ್ನ ಮಗಾ ಥಟ್ಟನೆ ಹೇಳಿದ. ಅವನು ಹೇಳಬಹುದಾದ್ರ ಬ್ಯಾರೇದವ್ರೂ ಹೇಳಬಹುದು. ಸೆಕ್ರೆಟರಿ ಅವ್ರೇ, ಈ ಲೆಕ್ಕ ಕಂಪನಿಯೊಳಗ ಯಾರ್‍ಯಾರಿಗೆ ಕಾಣ್ತದ ಅಂತನೂ ಗುರುವಾರ ಕೇಳ್ರಿ. ಮತ್ತ ಆ್ಯಪಿನ ಪಾಸ್‌ವರ್ಡ್ ಸೊಸೈಟಿ ರಿಜಿಸ್ಟರಿನಾಗ ಬರೆದಿಡಬ್ಯಾಡ್ರಿ, ನಮ್ಮ ಬಿಲ್ಡಿಂಗಿನಾಗ ಬರೆದಿಟ್ಟಿದ್ರು.

ಹಳೇ ಫ್ಯೂಸ್

ಅಕ್ಕ, ಈ ಫ್ರಿಜ್ ಕಥೆ ನನ್ನ ಮೂವತ್ತೊಂದು ವರ್ಷಕ್ಕಿಂತ ಚೆನ್ನಾಗಿ ವಿಷಯ ಹೇಳಿತು. ಖಾಸಗಿತನದ ಪ್ರಶ್ನೆಯೂ ಸರಿ, ನನಗೆ ಹೊಳೆದಿರಲಿಲ್ಲ. ನಮಗೆ ಮೀಟರು ಅಂದರೆ ಯೂನಿಟ್ಟು ಮಾತ್ರ, ಅದರ ಹಿಂದೆ ಮನೆಮಂದಿ ಇರುವುದು ಆಮೇಲೆ ನೆನಪಾಗುವುದು.

ಠಾಣೆಯವರೇ, ಹಿಟ್ಟನ್ನು ಬಿಡಿ, ಮಧ್ಯಾಹ್ನಕ್ಕೆ ಬೇರೆ ಎಂತ ಎಳೆಯಬಹುದು ನೋಡಿ. ಟ್ಯಾಂಕಿಗೆ ನೀರೆತ್ತುವ ಪಂಪು, ಬಟಾಟೆ ಸಿಪ್ಪೆ ತೆಗೆಯುವ ಮಿಷನ್ನು, ಮಸಾಲೆ ಪುಡಿ. ಹುದುಗು ಬರಬೇಕಾದದ್ದನ್ನು ದರಪಟ್ಟಿ ನೋಡಿ ರುಬ್ಬಬಾರದು.

ಠಾಣೆ ಹೋಟ್ಲು

ಪಂಪು! ಅದು ಸಂಜೆ ಏಳಕ್ಕೆ ತಾನೇ ಶುರುವಾಗುವ ಹಾಗೆ ಟೈಮರ್ ಇಟ್ಟಿದ್ದು ನಾನೇ. ನಾಳೆಯೇ ತಿರುಗಿಸ್ತೇನೆ. ಹಿಟ್ಟು ಪುನಃ ಸಂಜೆಗೆ.

ಗೋರೆಗಾಂವ್ ಸೆಕ್ರೆಟರಿ

ಎಲ್ಲರಿಗೂ ಧನ್ಯವಾದ. ಫ್ಯೂಸ್ ಸರ್, ನಿಮ್ಮ ಮಾತು ಓದಿ ನಿನ್ನೆ ರಾತ್ರಿಯೇ ವಾಚ್‌ಮನ್ ಹತ್ತಿರ ಕೀಲಿ ತಗೊಂಡು ಮೀಟರ್ ರೂಮಿಗೆ ಇಳಿದೆ. ಎ ವಿಂಗಿನದು ನೆಲಮಟ್ಟದಲ್ಲಿದೆ, ಮೊಬೈಲ್ ಚೆನ್ನಾಗಿ ಹಿಡಿಯಿತು. ಬಿ ವಿಂಗಿನದು ಏಳು ಮೆಟ್ಟಿಲು ಕೆಳಗೆ, ಪಂಪ್ ರೂಮಿನ ಹಿಂದೆ. ಅಲ್ಲಿಂದ ಹೆಂಡತಿಗೆ "ಬಂದೆ" ಅಂತ ಮೆಸೇಜ್ ಕಳಿಸಿದೆ. ಗಡಿಯಾರದ ಗುರುತು ತಿರುಗ್ತಾನೇ ಇತ್ತು. ನಾಲ್ಕನೇ ಮೆಟ್ಟಿಲಿಗೆ ಹತ್ತಿದ ಮೇಲೆ ಹೋಯಿತು. ಅಂದರೆ ಅಮೆರಿಕದ ಕಥೆ ಹೇಳಿದವರ ಮೀಟರೇ ಸಿಗ್ನಲ್ ಇಲ್ಲದ ಜಾಗದಲ್ಲಿದೆ.

ಇಸ್ತ್ರಿ ಪರೀಕ್ಷೆಯೂ ಮಾಡಿದೆ. ಮೇಲೆ ಹೆಂಡತಿ ಇಸ್ತ್ರಿ ಹಾಕಿ ಕಿಟಕಿಯಿಂದ ಕೂಗಿದಳು, ಕೆಳಗೆ ನಾನು ಎಣಿಸಿದೆ. ಮೊದಲ ಸಲ 71 ಬಂತು, ಎದೆ ಧಸಕ್ ಅಂತು. ನೋಡಿದರೆ ಫ್ರಿಜ್ ಆಫ್ ಮಾಡೋದು ಮರೆತಿದ್ದೆವು. ಎರಡನೇ ಸಲ 54.

ಗುರುವಾರ ಬರುವವರನ್ನು ನೇರ ಬಿ ವಿಂಗಿನ ಕೆಳಗೇ ಕರೆದುಕೊಂಡು ಹೋಗ್ತೀನಿ. ಒಂದು ಸಂಶಯ ಸರ್, ಸಿಗ್ನಲ್‌ಗೆ ಆಂಟೆನಾ ಹೊರಗೆ ಎಳೀತೀವಿ ಅಂದರೆ ಒಪ್ಪಬಹುದಾ?

ಹಳೇ ಫ್ಯೂಸ್

ಒಪ್ಪಿ. ಆದರೆ ವೈರು ಪಂಪಿನ ಕೇಬಲಿಗೆ ಕಟ್ಟಿ ಎಳೆಯುವುದು ಬೇಡ, ಬೇರೆ ಪೈಪಿನಲ್ಲಿ ಬರಲಿ. ಗೋಡೆಗೆ ತೂತು ಹಾಕಿದರೆ ಹೊರಬದಿಗೆ ಇಳಿಜಾರು ಇರಲಿ, ಇಲ್ಲದಿದ್ದರೆ ಜುಲೈಯಲ್ಲಿ ಮಳೆನೀರು ಅದೇ ದಾರಿಯಲ್ಲಿ ಮೀಟರಿಗೆ ಬರುತ್ತದೆ. ಹಾಕಿದ ಮೇಲೆ ಫೋಟೋ ಕಳಿಸಿ.